ನಿಂತೇನ್ ಬೇ

“ನಿಂದ್ರು ಅಂದ್ರು. ನಿಂದರತೇನಿ ಅಂದಿ. ಮತ್ತ ಯಾಕ ನಿಂದರಲಿಲ್ಲ?”

ಝಳಕಿ ಊರಿನ ತನ್ನ ಮನೆಯ ಕಟ್ಟೆಯ ಮೇಲೆ ನಿಂಬೆಹಣ್ಣಿನ ರಾಶಿ ಹಾಕಿಕೊಂಡು ಕುಳಿತಿದ್ದ ಬಸಂತರಾಯ ಮಗನನ್ನು ಕೇಳಿದ. ಬೆಳಗಿನಿಂದ ಇದೊಂದೇ ಪ್ರಶ್ನೆ. ಕೇಳಿ ಕೇಳಿ ಅವನ ತಲೆ ಎಷ್ಟು ಕೆಟ್ಟುಹೋಗಿತ್ತೆಂದರೆ ಒಳ್ಳೆಯ ಹಣ್ಣನ್ನು ಕೊಳೆತ ಹಣ್ಣಿನ ಬುಟ್ಟಿಗೂ ಕೊಳೆತದ್ದನ್ನು ಮಾರುವ ಚೀಲಕ್ಕೂ ಹಾಕುತ್ತಿದ್ದ. ಎದುರಿಗೆ ಕುಳಿತ ಮಗ ಕಲ್ಮೇಶ ಅವನ್ನು ತೆಗೆದು ಸರಿಪಡಿಸುತ್ತಿದ್ದ.

ಕಲ್ಮೇಶ ವಿಮಾನದ ಪೈಲಟ್. ಹೋದ ವಾರ ಪ್ರಯಾಣಿಕರನ್ನು ತುಂಬಿಕೊಂಡು ರನ್‌ವೇ ಕಡೆ ಹೊರಟಿದ್ದಾಗ ಕಂಟ್ರೋಲ್ ಟವರಿನಿಂದ ಸೂಚನೆ ಬಂದಿತ್ತು: ಇನ್ನೊಂದು ವಿಮಾನ ಇಳಿಯುತ್ತಿದೆ, ಹಳದಿ ಗೆರೆಯ ಈಚೆಗೇ ನಿಲ್ಲಿ. ಸಹ ಪೈಲಟ್ ಬೇರೆ ಕೆಲಸದಲ್ಲಿ ತಲೆ ತಗ್ಗಿಸಿದ್ದರಿಂದ ಕಲ್ಮೇಶನೇ ಆ ಸೂಚನೆಯನ್ನು ರೇಡಿಯೊದಲ್ಲಿ ಅಕ್ಷರ ಬಿಡದೆ ತಿರುಗಿ ಒಪ್ಪಿಸಿದ. ಗೆರೆಯ ಈಚೆಗೇ ನಿಲ್ಲುತ್ತೇನೆ ಎಂದ. ಎಂದವನು ಗೆರೆ ದಾಟಿಸಿ ವಿಮಾನವನ್ನು ನೇರ ರನ್‌ವೇ ಮೇಲೆ ತಂದ. ಟವರಿನವರು ಕೂಗಿಕೊಂಡು, ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲಕ್ಕೆ ಏರಿಸಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ಅವನಿಗೆ ಹಾರಾಟ ಬಂದ್. ನಾಳೆ ವಿಚಾರಣೆ.

“ಕಿವಿ ಮಂದ ಆಗ್ಯಾವೇನು?”

“ಕಿವಿ ಬರೋಬ್ಬರಿ ಅದಾವಪ್ಪಾ. ಕೇಳೇ ಉತ್ತರ ಕೊಟ್ಟೇನಲ್ಲ.”

“ಹಂಗಾರ ಬ್ರೇಕ್ ಹತ್ತಲಿಲ್ಲ ಅಂತ ಹೇಳಿಬಿಡು. ಮಷೀನೇನು ಬಂದು ಸಾಕ್ಷಿ ಹೇಳತೈತೇನು?”

“ಹೇಳತೈತಪ್ಪಾ. ಅದರಾಗ ಎಲ್ಲಾ ರೆಕಾರ್ಡ್ ಆಗಿರತೈತಿ. ಬ್ರೇಕ್ ಒತ್ತಿದ್ರಲ್ಲೇನು ಹತ್ತೂದು? ನಾ ಒತ್ತೇ ಇಲ್ಲ.”

“ಯಾಕ?”

“ಗೊತ್ತಿಲ್ಲ.”

ಗೊತ್ತಿಲ್ಲ ಎಂಬುದೇ ಅವನ ಸಂಕಟ. ಲೈಸೆನ್ಸ್ ಹೋದೀತೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಯಾಕೆ ನಿಲ್ಲಲಿಲ್ಲವೆಂದೇ ತಿಳಿಯದವನು, ಇನ್ನೊಮ್ಮೆ ನಿಲ್ಲುತ್ತೇನೆ ಎಂದು ಯಾವ ಮುಖ ಹೊತ್ತು ಹೇಳಬೇಕು? ನಿಲ್ಲುತ್ತೇನೆ ಎಂದದ್ದು ನೆನಪಿತ್ತು. ಹಾಗೆಂದ ಮೇಲೆ ನಿಂತಾಯಿತು ಎಂಬ ನೆಮ್ಮದಿಯೂ ನೆನಪಿತ್ತು. ಆಮೇಲೆ ನೆನಪಿರುವುದು ಟವರಿನವರ ಕೂಗೇ. ನಡುವೆ ಏನಾಯಿತೋ ಶಿವನೇ ಬಲ್ಲ.

ತಾಯಿ ಕಸ್ತೂರೆವ್ವ ರೊಟ್ಟಿಯ ಗಂಟು ಹಿಡಿದು ಹೊರಗೆ ಬಂದಳು. “ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಸರು, ಎಲ್ಲಾ ಇಟ್ಟೇನಿ. ಇವತ್ತರೆ ನಿನ್ನ ಹಿಂದಿನಿಂದ ಕರಿಯಂಗಿಲ್ಲ ನೋಡು.”

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಅವರು ತಿರುಗಿ ಬಂದು, ಕಟ್ಟೆಯ ಮೇಲೆ ಕುಳಿತು, ಒಂದು ಗುಟುಕು ನೀರು ಕುಡಿದೇ ಹೋಗಬೇಕು. ಇದು ಆ ಮನೆಯಲ್ಲಿ ಕಸ್ತೂರೆವ್ವನ ಕಾನೂನು. ಅದನ್ನು ಮುರಿಯುವವಳೂ ಅವಳೇ. ಮಗ ಹೊಸ್ತಿಲು ದಾಟಿದ ಮೇಲೇ ಅವಳಿಗೆ ಮರೆತದ್ದೆಲ್ಲ ನೆನಪಾಗುತ್ತಿತ್ತು. ಕಲ್ಮೇಶ ಇಂಡಿ ಪಟ್ಟಣದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಕೂತೇಳುವ ಶಾಸ್ತ್ರಕ್ಕೆ ಎಷ್ಟೋ ಬಸ್ಸು ತಪ್ಪಿದ್ದವು.

ರಸ್ತೆಯಲ್ಲಿ ಇಸ್ಮಾಯಿಲನ ಬಾಡಿಗೆ ಕಾರು ಬಂದು ಹಾರ್ನ್ ಹೊಡೆಯಿತು. ಕಲ್ಮೇಶ ಇಬ್ಬರ ಕಾಲಿಗೂ ನಮಸ್ಕರಿಸಿ, ಬ್ಯಾಗು ಹೆಗಲಿಗೇರಿಸಿ ಅಂಗಳಕ್ಕಿಳಿದ.

“ಕಲ್ಮೇಶಾ, ನಿಂದರೋ! ವಿಭೂತಿ ಹಚ್ಚೂದು ಮರತೆ!”

“ನಿಂತೇನ್ ಬೇ!” ಎಂದು ಅವ್ವನಿಗೆ ಓಗೊಟ್ಟ.

ಅವ್ವ ಬರಲಿಲ್ಲ. ಇಷ್ಟೇಕೆ ತಡ ಎಂದು ತಿರುಗಿ ನೋಡಿದ. ಅವನ ಕೈ ಕಾರಿನ ಬಾಗಿಲ ಹಿಡಿಕೆಯ ಮೇಲಿತ್ತು. ಇಡೀ ಅಂಗಳ ಹಿಂದೆ ಉಳಿದಿತ್ತು, ಗೇಟೂ ಹಿಂದೆ ಉಳಿದಿತ್ತು. ಆ ತುದಿಯಲ್ಲಿ ಅವ್ವ ಒಂದು ಕೈಯಲ್ಲಿ ವಿಭೂತಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಪ್ಪ ಕೈಯಲ್ಲಿದ್ದ ನಿಂಬೆಹಣ್ಣನ್ನು ಯಾವುದಕ್ಕೂ ಹಾಕದೆ ಅವನನ್ನೇ ನೋಡುತ್ತಿದ್ದ. ನಿಂತೆ ಎಂದವನ ಕಾಲು ನಿಂತೇ ಇರಲಿಲ್ಲ.

“ಸಾಲಿಗೆ ಹೋಗಾಗಿಂದ ಇದೇ ಚಾಳಿ ಇವಂದು,” ಅವ್ವ ನಗುತ್ತಲೇ ಗದರಿದಳು. “ಬಸ್ ತಪ್ಪತೈತಂತ ನಿಂತೇನ್ ಬೇ ಅನ್ನಾಂವ, ಓಡಾಂವ. ಹಂಗಂದ್ರ ನಾ ಸುಮ್ಮನಾಗ್ತಿದ್ದೆ.”

ಅಪ್ಪ ನಗಲಿಲ್ಲ. “ನಾಳೆ ಇದನ್ನ ಹೇಳ್ತಿಯೇನು ಸಾಹೇಬರ ಮುಂದ?” ಎಂದ. ಅವನ ದನಿ ಇಳಿದಿತ್ತು. “ಯಾರರೆ ನಂಬ್ತಾರೇನೋ ತಮ್ಮಾ?”

ಕಲ್ಮೇಶನಿಗೆ ತಿಳಿಯಲಿಲ್ಲ. ನಂಬುತ್ತಾರೋ ನಗುತ್ತಾರೋ, ನಂಬಿದರೆ ಇಂಥವನ ಕೈಗೆ ಮತ್ತೆ ವಿಮಾನ ಕೊಡುತ್ತಾರೋ ಇಲ್ಲವೋ. ಕಾರಿನ ಹಾರ್ನ್ ಮತ್ತೊಮ್ಮೆ ಕೂಗಿತು. ಅವನು ಅಂಗಳ ದಾಟಿ ತಿರುಗಿ ಬಂದ.

“ಕುಂದ್ರು,” ಎಂದಳು ಅವ್ವ.

ಬಾಯಿಗೆ ಬಂದ ಮಾತನ್ನು ಅಲ್ಲೇ ಹಿಡಿದುಕೊಂಡ. ಕಟ್ಟೆಯ ಮೇಲೆ ಕುಳಿತ. ಕೆಳಗೆ ಕಲ್ಲು ಇದೆಯೇ ಎಂದು ಎರಡೂ ಕೈಯಿಂದ ಮುಟ್ಟಿ ನೋಡಿದ.

ಆಮೇಲೆ, “ಕುಂತೇನ್ ಬೇ,” ಎಂದ.