ಮೂರು ಗುಟುಕು ಚಹಾ

"ಇವತ್ತು ಚಹಾ ನಾನು ಹಾಕಿಕೊಡ್ತೀನಿ. ನೀನು ನಿನ್ನ ಗಿರಾಕಿ ಜೊತೆ ಕೂತ್ಕೋ" ಎಂದು ಅತ್ತೆ ಕುಲ್ಯಾಶ್ ಹೇಳಿದಾಗ ರೌಶಾನ್‌ಗೆ ಅಳುವೇ ಬಂದುಬಿಟ್ಟಿತು. ಶಿಮ್ಕೆಂಟ್ ನಗರದ ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಅಷ್ಟು ವರ್ಷವೂ ಕೆಟಲ್ ಪಕ್ಕದ ಜಾಗ ಅವಳದೇ. ಸೊಸೆ ಇರುವ ಮನೆಯಲ್ಲಿ ಅತ್ತೆ ಚಹಾ ಬಗ್ಗಿಸುವುದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಅತ್ತೆ ಕೊನೆಗೂ ಒಪ್ಪಿದರು ಎಂದುಕೊಂಡಳು, ಪಾಪ.

ಸಿಮೆಂಟ್ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಕೆಲಸಕ್ಕೆ ಅವಳು ರಾಜೀನಾಮೆ ಕೊಟ್ಟು ಹತ್ತು ದಿನವಾಗಿತ್ತು. ಅಲ್ಲಿ ರಜೆ ಚೀಟಿ ಹಿಡಿದು ಬಂದ ಹೆಂಗಸರು ಅವಳ ಮೇಜಿನ ಮುಂದೆ ಮನಸ್ಸು ಬಿಚ್ಚಿ ಹಗುರಾಗಿ ಹೋಗುತ್ತಿದ್ದರು. ಆ ವಿದ್ಯೆಯನ್ನೇ ವರ್ಷವಿಡೀ ಕಲಿತು, ದಾರಿ ಕಾಣದೆ ನಿಂತವರ ಜೊತೆ ಕೂತು ದಾರಿ ಹುಡುಕುವ ಕೆಲಸವನ್ನು ಮನೆಯಲ್ಲೇ ಶುರು ಮಾಡಬೇಕೆಂದು ಹೊರಟಿದ್ದಳು. ತೈಲ ಬಾವಿಯ ಕೆಲಸದಲ್ಲಿದ್ದ ಗಂಡ ಫೋನಿನಲ್ಲಿ, "ಅಮ್ಮ ಹೂಂ ಅಂದ್ರೆ ನಂದೂ ಹೂಂ" ಎಂದು ಜಾರಿಕೊಂಡ. ಅತ್ತೆ ಹೂಂ ಎನ್ನಲಿಲ್ಲ. "ಚಹಾ ಕುಡೀತಾ ಕಷ್ಟಸುಖ ಮಾತಾಡೋದೂ ಒಂದು ಉದ್ಯೋಗವಾ? ಹಂಗಾದ್ರೆ ನಮ್ಮ ಬೀದಿ ಮುದುಕೀರೆಲ್ಲ ಡಾಕ್ಟರುಗಳೇ ಬಿಡು!" ಎಂದರು. ಇವತ್ತಿನ ಮೊದಲ ಭೇಟಿ ನೆಟ್ಟಗಾಗದಿದ್ದರೆ ಸೋಮವಾರ ಮತ್ತೆ ಕಾರ್ಖಾನೆಯೇ ಗತಿ. ಅವಳ ಕುರ್ಚಿ ಅಲ್ಲಿ ಇನ್ನೂ ಖಾಲಿ ಇತ್ತು.

ಗಿರಾಕಿ ಬಂದಳು. ಗುಲ್ಬರ್ಶಿನ್ ಎಂದು ಹೆಸರು. ಕೂದಲಿಗೆ ಹೊಸದಾಗಿ ಬಣ್ಣ ಹಾಕಿಸಿಕೊಂಡಿದ್ದಳು, ಕೈಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ. ಬಾಗಿಲಿಂದ ದೂರದ, ಅತಿಥಿಗಳು ಕೂರುವ ದಿಂಬಿನ ಮೇಲೆ ರೌಶಾನ್ ಅವಳನ್ನು ಕೂರಿಸಿದಳು. ಕುಲ್ಯಾಶ್ ಬಟ್ಟಲಿಗೆ ಮೂರು ಗುಟುಕು ಚಹಾ ಹಾಕಿ ಕೊಟ್ಟರು. ಮರ್ಯಾದೆಯೆಂದರೆ ಅದು. ಅತಿಥಿ ಕುಡಿದು ಮತ್ತೆ ಬಟ್ಟಲು ಚಾಚಬೇಕು, ಮತ್ತೆ ಮೂರೇ ಗುಟುಕು, ಹಾಗೆ ಮಾತು ಬೆಳೆಯಬೇಕು. ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವರು ಅಲ್ಲಿ ಯಾರೂ ಇಲ್ಲ.

ಎರಡನೆಯ ಬಟ್ಟಲಿಗೆ ಗುಲ್ಬರ್ಶಿನ್ ಬಾಯಿ ಬಿಟ್ಟಳು. "ಹೇಳೋಕೇ ನಾಚಿಕೆ ಆಗತ್ತೆ ತಂಗಿ. ನಂಗೆ ಐವತ್ತೆರಡು. ಈ ವಯಸ್ಸಲ್ಲಿ ಒಂದು ಹೊಲಿಗೆ ಶಾಲೆ ತೆಗೀಬೇಕು ಅಂತ ಆಸೆ. ನನ್ನ ಮಗ ಕೇಳಿ ನಕ್ಕುಬಿಟ್ಟ..."

ಕೆಟಲ್ ಕಡೆಯಿಂದ ಮೂರನೆಯ ಬಟ್ಟಲು ಬಂತು. ಅಂಚಿನವರೆಗೆ ತುಂಬಿತ್ತು. ತಟ್ಟೆಗೂ ಎರಡು ಹನಿ ಚೆಲ್ಲಿತ್ತು.

ಗುಲ್ಬರ್ಶಿನ್ ಅದನ್ನು ನೋಡಿದಳು. ಮುಟ್ಟಲಿಲ್ಲ. ಎರಡೂ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು, "ಮನೆ ತಣ್ಣಗಿರಲಿ" ಎಂದು ಹರಸಿ ಎದ್ದಳು. "ಕೂತ್ಕೊಳಿ ಅಕ್ಕಾ, ಇನ್ನೂ ಶುರುವೇ ಆಗಿಲ್ಲ" ಎಂದು ರೌಶಾನ್ ಬಾಗಿಲವರೆಗೆ ಹಿಂದೆ ಹೋದಳು. ಆಕೆ, "ಬಸ್ಸಿಗೆ ಹೊತ್ತಾಯ್ತು ತಂಗಿ" ಎನ್ನುತ್ತಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

ರೌಶಾನ್ ಒಳಗೆ ಬಂದು ನಿಂತಳು. "ಬೇಕಂತಲೇ ತುಂಬಿಸಿದ್ರಿ, ಅಪಾ." ಅತ್ತೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ, ಅಮ್ಮಾ ಎನ್ನುವಂತೆ.

"ಹೌದು. ಕೈ ನಡುಗ್ತು ಅಂತ ಸುಳ್ಳು ಹೇಳೋಳಲ್ಲ ನಾನು. ಮೊಮ್ಮಕ್ಕಳನ್ನ ಆಡಿಸ್ಕೊಂಡಿರೋ ವಯಸ್ಸಲ್ಲಿ ಶಾಲೆ ತೆಗೀತಾಳಂತೆ! ಐವತ್ತೆರಡಕ್ಕೆ ಏನ್ ಬೇಕು ಹೆಂಗಸಿಗೆ?"

ಹದಿನೆಂಟು ವರ್ಷ ನುಂಗಿಕೊಂಡ ಮಾತೆಲ್ಲ ರೌಶಾನ್‌ಳ ನಾಲಗೆ ತುದಿಗೆ ಬಂತು. ಸಿಟ್ಟು ಬಂದಾಗ ಹೇಳಬೇಡ, ಕೇಳು ಎಂದು ತರಬೇತಿಯಲ್ಲಿ ಕಲಿಸಿದ್ದರು. ಆ ಪಾಠ ಇಷ್ಟು ಕಷ್ಟದ್ದೆಂದು ಮಾತ್ರ ಕಲಿಸಿರಲಿಲ್ಲ. ಅವಳು ಉಸಿರೆಳೆದುಕೊಂಡು ಮೆಲ್ಲಗೆ ಕೇಳಿದಳು. "ನಿಮಗೆ ಐವತ್ತೆರಡಾದಾಗ ಏನು ಬೇಕಿತ್ತು, ಅಪಾ?"

ಅತ್ತೆ ತಲೆಗೆ ಕಟ್ಟಿದ ವಸ್ತ್ರವನ್ನು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. ಆಮೇಲೆ ಆ ತುಂಬಿದ ಬಟ್ಟಲನ್ನು ಎತ್ತಿ, ಚಹಾವನ್ನು ಒಂದು ಪಾತ್ರೆಗೆ ಸುರಿದರು. ಕೆಟಲ್ ಪಕ್ಕದಿಂದ ಮಂಡಿ ಹಿಡಿದುಕೊಂಡು ಎದ್ದು ಬಂದು, ಅತಿಥಿ ಬಿಟ್ಟುಹೋದ ದಿಂಬಿನ ಮೇಲೆ ಕೂತು, ಖಾಲಿ ಬಟ್ಟಲನ್ನು ಸೊಸೆಯ ಕಡೆ ಚಾಚಿದರು.

ರೌಶಾನ್ ತನ್ನ ಹಳೆಯ ಜಾಗದಲ್ಲಿ ಕೂತಳು. ಹಾಲು, ಕಪ್ಪು ಡಿಕಾಕ್ಷನ್, ಬಿಸಿನೀರು. ಒಂದು ಕ್ಷಣ, ಅಂಚಿನವರೆಗೆ ಸುರಿದುಬಿಡಲೇ ಎಂದು ಅವಳಿಗೂ ಅನಿಸಿತು. ಅವಳೂ ಮನುಷ್ಯಳೇ ತಾನೆ. ಆಮೇಲೆ ಮೂರು ಗುಟುಕು ಹಾಕಿ, ಎರಡೂ ಕೈಯಲ್ಲಿ ಕೊಟ್ಟಳು.

ಅತ್ತೆ ಬಟ್ಟಲೊಳಗೆ ಇಣುಕಿ ನೋಡಿದರು.

"ಕಂಬಳಿ ಕಸೂತಿ ಕಲಿಸೋಕೆ ನನ್ನ ಕರೆದಿದ್ರು" ಎಂದರು. "ಪಟ್ಟಣದ ದೊಡ್ಡ ಶಾಲೇಲಿ. ಯಾರಿಗೂ ಹೇಳ್ಲಿಲ್ಲ. ಕಾಗದಾನ ಒಲೆಗೆ ಹಾಕ್ದೆ. ಜನ ನಗ್ತಾರೆ ಅಂತ ಹೆದರಿ."

ಕುಡಿದು ಬಟ್ಟಲು ಚಾಚಿದರು. ರೌಶಾನ್ ಮತ್ತೆ ಮೂರು ಗುಟುಕು ಹಾಕಿದಳು. ಅತ್ತೆ ಮಾತಾಡಿದರು, ಕುಡಿದರು, ಚಾಚಿದರು. ಕೆಟಲ್ ಅರ್ಧಕ್ಕಿಳಿದಾಗ ಒಮ್ಮೆ ತಲೆಯೆತ್ತಿ, ಕಣ್ಣೊರೆಸಿಕೊಂಡು, ಎಂದಿನ ಗತ್ತಿನಲ್ಲಿ ಹೇಳಿದರು.

"ಆ ಹೆಂಗಸಿಗೆ ಫೋನ್ ಮಾಡೇ. ತಪ್ಪು ನಂದು, ನಾಳೆ ಬರಬೇಕಂತೆ ಅನ್ನು. ಇವತ್ತಿಗೆ ನಂದೇ ಮುಗಿಯಲ್ಲ."