ಒಳಕೋಣೆಯ ಫೋನು

“ಆ ರಿಸೀವರ್ ಎತ್ತಬೇಡಿ!” ಮುಂಡಪ್ಪ ಮಂಚದಿಂದಲೇ ಕೂಗಿದರು. ಅಷ್ಟರಲ್ಲಿ ಲೈನ್‌ಮನ್ ಅದನ್ನೆತ್ತಿ ಕಿವಿಗಿಟ್ಟುಕೊಂಡಾಗಿತ್ತು. ಅದೇ ಲೈನಿನಲ್ಲಿ ಬರುವ ನೆಟ್ ಪದೇ ಪದೇ ನಿಂತು, ಮನೆಯಿಂದಲೇ ಮಾಡುವ ಕೆಲಸ ಹೋಗುವ ಹಂತಕ್ಕೆ ಬಂದಿದ್ದರಿಂದ ಸೊಸೆ ವಿನೋದಾ ಅವನನ್ನು ಡೊಂಬಿವಲಿಯ ಮನೆಗೆ ಕರೆಸಿದ್ದಳು.

ಆರು ವರ್ಷದ ಹಿಂದೆ ಮನೆ ಬಿಟ್ಟುಹೋದ ಅವಳ ಗಂಡ ಮಯೂರನಿಗೆ ಬಾಯಿಪಾಠವಿದ್ದದ್ದು ಈ ಲ್ಯಾಂಡ್‌ಲೈನ್ ನಂಬರೊಂದೇ. ಮಗ ಫೋನ್ ಮಾಡುವ ಹೊತ್ತಿಗೆ ಲೈನ್ ಬ್ಯುಸಿ ಇರಬಾರದೆಂದು ಮುಂಡಪ್ಪ ರಿಸೀವರನ್ನು ತಾವೂ ಎತ್ತುತ್ತಿರಲಿಲ್ಲ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಕಾಕಾ, ಯೇ ತೋ ಡೆಡ್ ಹೈ.” ಲೈನ್‌ಮನ್ ಗೋಡೆಯ ಡಬ್ಬಿ ಬಿಚ್ಚಿ, ಒಳಕೋಣೆಯ ಈ ಫೋನಿಗಷ್ಟೇ ಬರುವ, ಹಸಿರುಗಟ್ಟಿ ತುಂಡಾಗಿದ್ದ ತಂತಿಯನ್ನು ಎಳೆದು ತೋರಿಸಿದ. ಫೋನು ಸತ್ತು ನಾಲ್ಕೈದು ವರ್ಷವೇ ಆಗಿರಬೇಕು, ನೆಟ್ ಕೆಡಿಸುತ್ತಿದ್ದದ್ದೂ ಇದೇ ಎಂದು ಅದನ್ನು ಕತ್ತರಿಸಿ ತೆಗೆದ.

“ಯಾರಾದ್ರೂ ಫೋನ್ ಮಾಡಿದ್ದರೆ?” ವಿನೋದಾ ಕೇಳಿದಳು.

ಅವರಿಗೆ ರಿಂಗ್ ಕೇಳಿಸಿರುತ್ತದೆ, ಇಲ್ಲಿ ಮಾತ್ರ ಸದ್ದಾಗಿರುವುದಿಲ್ಲ ಎಂದ ಅವನು.

ಮುಂಡಪ್ಪ ಸೊಸೆಯ ಕಡೆ ತಿರುಗಿದರು. “ಹಾಗಾದ್ರೆ ಅವ ಮಾಡಿದ್ದನೋ ಏನೋ, ಅಲ್ವಾ ವಿನೋದಾ? ನಾವೇ ಎತ್ತಲಿಲ್ಲ ಅಂತ...”

ಲ್ಯಾಪ್‌ಟಾಪಿನಲ್ಲಿ ನೆಟ್ ಸರಾಗವಾಗಿ ಓಡತೊಡಗಿತ್ತು. ಒಂದು ಸಲವೂ ಫೋನ್ ಮಾಡಲಿಲ್ಲವೆಂದು ಇಷ್ಟು ವರ್ಷ ಗಂಡನನ್ನು ಶಪಿಸಿದ್ದ ವಿನೋದಾಳಿಗೆ, ಇನ್ನು ಮುಂದೆ ಹಾಗೆ ಶಪಿಸುವುದೂ ತನ್ನಿಂದಾಗದು ಎನಿಸಿತು.