ವಾಸನೆಯ ದೂರು

ವಾಸನೆ ಅಳೆಯಲು ಹೋದ ಅಧಿಕಾರಿ ಮೊದಲು ದೂರು ಕೊಟ್ಟವರ ಮನೆಗೆ ಹೋಗಬೇಕು, ಕಾರ್ಖಾನೆಗೆ ಆಮೇಲೆ. ಇಲ್ಲವಾದರೆ ಮೂಗು ಕೆಡುತ್ತದೆ, ಬಟ್ಟೆಗೂ ವಾಸನೆ ಹತ್ತುತ್ತದೆ. ಹತ್ತೊಂಬತ್ತು ವರ್ಷ ಈ ನಿಯಮ ಮೀರದವನು ಅವತ್ತು ಮೀರಿದ. ಕಾಫಿ ಹುರಿಯುವ ಕಾರ್ಖಾನೆ ದಾರಿಯಲ್ಲೇ ಸಿಕ್ಕಿತು. ಅದರ ಮಾಲೀಕ ಮಹಾ ಮಾತುಗಾರ. ಇವನೇನು ಕಡಿಮೆಯೇ? ಕೂತದ್ದೇ ತಡ, ಒಂದು ಗಂಟೆ ಹಾರಿಹೋಯಿತು. ಅಲ್ಲಿಂದೆದ್ದು ಎದುರು ಓಣಿಯ ಎರಡನೇ ಮನೆಯ ಬಾಗಿಲು ತಟ್ಟಿದಾಗ ಮೂರೂವರೆ.

ಬಾಗಿಲು ತೆಗೆದವಳಿಗೆ ನಲವತ್ತರ ಆಸುಪಾಸು. ದೂರಿಗೆ ಸಹಿ ಹಾಕಿದ್ದವಳು ಅವಳೇ. ಅಧಿಕಾರಿ ಬೂಟು ಬಿಚ್ಚಿ ಒಳಗೆ ಬಂದು ಕುರ್ಚಿಯಲ್ಲಿ ಕೂತು, ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಅಂಕಿಗಳು. ವಾಸನೆ ಮೂಗಿಗೆ ಎಷ್ಟು ಬಡಿಯಿತೋ ಅಷ್ಟಕ್ಕೆ ಸುತ್ತು ಹಾಕಬೇಕು.

"ನಾಲ್ಕಕ್ಕೆ ಹುರಿಯೋಕೆ ಶುರು ಮಾಡ್ತಾರಂತೆ, ಅಲ್ಲೀವರೆಗೂ ಕಾಯೋಣ," ಎಂದವನು ಸುಮ್ಮನಿರಲಾರದೆ ಮುಂದುವರಿಸಿದ. "ಒಂದು ವಿಷಯ ಗೊತ್ತಾ ಅಮ್ಮಾ? ಹಿಂದೆ ಒಬ್ಬ ದೊರೆ, ಮನೇಲಿ ಯಾರೂ ಕಾಫಿ ಹುರೀಬಾರ್ದು ಅಂತ ಕಾನೂನು ಮಾಡಿದ್ನಂತೆ. ಕದ್ದು ಹುರಿಯೋರನ್ನ ಹಿಡಿಯೋಕೆ, ಯುದ್ಧದಲ್ಲಿ ಗಾಯ ಆಗಿದ್ದ ಸಿಪಾಯಿಗಳನ್ನ ಬೀದಿಬೀದಿಗೆ ಬಿಟ್ಟಿದ್ದ. ಮೂಸೋದೇ ಅವ್ರ ಕೆಲ್ಸ! ಅಂದ್ರೆ ನಮ್ಮ ಇಲಾಖೆಗೆ ಇನ್ನೂರು ವರ್ಷ ದಾಟ್ತು ನೋಡಿ."

ಅವಳು ನಗಲಿಲ್ಲ. "ಗೊತ್ತು ಸಾರ್. ಹಸಿ ಬೀಜಕ್ಕೆ ಕಾಫಿ ವಾಸನೆನೇ ಇರಲ್ಲ, ಹುಲ್ಲಿನ ವಾಸನೆ ಬರುತ್ತೆ, ಅದೂ ಗೊತ್ತು. ನಮ್ಮನೆಯವ್ರು ಅಲ್ಲೇ ಇಪ್ಪತ್ತು ವರ್ಷ ಹುರಿಯೋ ಕೆಲಸ ಮಾಡಿದ್ರು."

"ಅಲ್ಲಿ ದುಡಿದವ್ರ ಮನೆಯಿಂದಲೇ ದೂರಾ? ಚೆನ್ನಾಗಿದೆ!" ಅಧಿಕಾರಿ ದೂರಿನ ಹಾಳೆ ನೋಡಿದ. "ಕೆಮ್ಮು, ಕಣ್ಣುರಿ ಅಂತ ಬರೆದಿದ್ದೀರಿ. ಬಂದಾಗಿನಿಂದ ನೋಡ್ತಿದ್ದೀನಿ, ನೀವು ಒಂದ್ಸಲನೂ ಕೆಮ್ಮಲಿಲ್ವಲ್ಲ?"

"ಸುಳ್ಳು ಬರೆದೆ ಸಾರ್. ನಿಜ ಬರೆಯೋಕೆ ಅದ್ರಲ್ಲಿ ಜಾಗ ಇರ್ಲಿಲ್ಲ."

ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಎದೆನೋವು ಎಂದು ಕೂತ ಗಂಡ ಮತ್ತೆ ಏಳಲಿಲ್ಲ, ಆರು ತಿಂಗಳಾಯಿತು. ಅತ್ತೆಗೆ ಕಣ್ಣು ಮಂಜು, ಜೊತೆಗೆ ಮರೆವು. ಮಗ ಸತ್ತದ್ದು ಅವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ಮಧ್ಯಾಹ್ನದವರೆಗೂ ತಮ್ಮ ಪಾಡಿಗೆ ಇರುತ್ತಾರೆ. ನಾಲ್ಕು ಗಂಟೆಗೆ ಆ ವಾಸನೆ ಕಿಟಕಿಯಿಂದ ಬಂತೋ, ದಿನಾ ಅದನ್ನೇ ಮೈಗೆ ಹೊತ್ತು ಬರುತ್ತಿದ್ದ ಮಗ ಬಂದ ಅಂತ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ.

"ತೆಗೆದ ಬಾಗಿಲು ಹಾಕೋಕೆ ಬಿಡಲ್ಲ ಸಾರ್. ಒಂದಿನ ಹುಡುಕ್ಕೊಂಡು ಬೀದಿಗೆ ಹೋಗಿ, ಲಾರಿ ಕೆಳಗೆ ಸಿಕ್ಕೋದು ಸ್ವಲ್ಪದ್ರಲ್ಲಿ ತಪ್ತು. ಅದಕ್ಕೇ ಹೇಳಲೇಬೇಕು. ದಿನಾ ಹೇಳ್ತೀನಿ. ದಿನಾ ಅವ್ರು ಈಗಷ್ಟೇ ಕೇಳಿದ ಹಾಗೆ ಎದೆ ಎದೆ ಬಡ್ಕೊಂಡು ಅಳ್ತಾರೆ. ನಾನಾದ್ರೂ ಒಂದೇ ಸಲ ಗಂಡನ್ನ ಕಳ್ಕೊಂಡೆ. ಆ ಜೀವ ದಿನಾ ಮಗನ್ನ ಕಳ್ಕೊಳ್ಳುತ್ತೆ." ಅವಳು ಕಣ್ಣೊರೆಸಿಕೊಂಡಳು. "ಹುರಿಯೋದು ನಿಲ್ಸಿ ಅನ್ನಲ್ಲ, ಅಲ್ಲಿರೋರೂ ಹೊಟ್ಟೆಪಾಡಿನವ್ರೇ. ಚಿಮಣಿ ಒಂದಿಷ್ಟು ಎತ್ತರ ಮಾಡ್ಸಿ, ಸಾಕು."

ಅಧಿಕಾರಿ ತೊಡೆಯ ಮೇಲಿನ ಹಾಳೆ ನೋಡಿದ. ಫಾರಂನಲ್ಲಿ ಅಂಕಿ ಮೂರು ದಾಟದೆ ಚಿಮಣಿ ಎತ್ತರಿಸು ಎನ್ನುವ ಹಾಗಿಲ್ಲ, ಕಾಫಿಗೆ ಎರಡಕ್ಕಿಂತ ಹೆಚ್ಚು ಕೊಟ್ಟವರನ್ನು ಅವನು ಕಂಡಿರಲಿಲ್ಲ. ಇದನ್ನು ಅವಳಿಗೆ ಹೇಗಪ್ಪಾ ಹೇಳುವುದು ಎಂದು ತಡಕಾಡುತ್ತಿರುವಾಗಲೇ ಒಳಕೋಣೆಯ ಬಾಗಿಲು ಕಿರ್ರೆಂದಿತು.

ಮುದುಕಿ ಗೋಡೆ ಹಿಡಿದು ಬಂದಳು. ಮೂಗೆತ್ತಿ ನಿಂತು, ನೆಟ್ಟಗೆ ಕುರ್ಚಿಯ ಹತ್ತಿರ ನಡೆದು, ಅಧಿಕಾರಿಯ ಅಂಗಿಯ ತೋಳು ಹಿಡಿದು ಮೂಸಿದಳು. ಇನ್ನೂ ನಾಲ್ಕಾಗಿರಲಿಲ್ಲ. ಮನೆಯೊಳಗಿದ್ದದ್ದು ಅವನೇ ಹೊತ್ತು ತಂದ ವಾಸನೆ.

"ಬಂದ್ಯಾ ಮಗನೇ? ಇವತ್ತು ಬೇಗ ಬಿಟ್ರಾ?"

"ಅತ್ತೇ, ಅವ್ರು..." ಎಂದು ಸೊಸೆ ಮುಂದೆ ಬಂದಳು.

"ಹೂಂ ಅಮ್ಮಾ, ಬಂದೆ," ಎಂದುಬಿಟ್ಟ ಅಧಿಕಾರಿ.

ಮುದುಕಿಯ ಮುಖ ಅರಳಿತು. ಅವನ ತಲೆ ಸವರಿದಳು, ಬೆನ್ನು ಸವರಿದಳು, ಹೊತ್ತುಹೊತ್ತಿಗೆ ಉಣ್ಣದೆ ಹೀಗೆ ಸೊರಗಿದ್ದೀಯ ಎಂದು ಬೈದಳು. "ಒಂಚೂರು ಅಡ್ಡಾಗ್ತೀನಿ ಕಣೋ. ಊಟಕ್ಕೆ ಕರಿ, ಒಟ್ಟಿಗೆ ಕೂತ್ಕೊಳ್ಳೋಣ," ಎನ್ನುತ್ತಾ ಒಳಗೆ ಹೋದಳು.

ಅಧಿಕಾರಿಗೆ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ. "ಒಂದು ದಿನವಾದ್ರೂ ಅಳದೆ ಮಲಗ್ಲಿ ಬಿಡಿ ಅಮ್ಮಾ," ಎನ್ನುತ್ತಾ, ವಾಸನೆಯ ಅಂಕಿ ಓಣಿಯಲ್ಲಿ ನಿಂತೇ ಹಾಕಿದರಾಯಿತೆಂದು ಬಾಗಿಲ ಬಳಿ ಹೋಗಿ ಬೂಟಿಗೆ ಬಗ್ಗಿದ.

"ಎಂಥ ಕೆಲಸ ಮಾಡ್ಬಿಟ್ರಿ ಸಾರ್," ಎಂದಳು ಅವಳು. "ಇಷ್ಟು ದಿನ, ಬರದೇ ಇರೋ ಮಗ ಸತ್ತಿದ್ದಾನೆ ಅಂತ ಹೇಳ್ತಿದ್ದೆ. ಈಗ, ಕೈಯಾರೆ ತಲೆ ಸವರಿದ ಮಗ ಸತ್ತಿದ್ದಾನೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಕಾಫಿ ಹುರಿಯುವ ಘಮ ಕಿಟಕಿಯಿಂದ ಒಳಗೆ ಬರತೊಡಗಿತು. ಅಧಿಕಾರಿ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಒಳಗಿನಿಂದ ಮುದುಕಿಯ ನಿರಾಳವಾದ ದನಿ ಕೇಳಿಸಿತು.

"ಬಾಗಿಲು ಹಾಕ್ಬಿಡೇ, ಅವ್ನು ಬಂದಾಯ್ತಲ್ಲ."